ಕುಂಕುಮ ಹಚ್ಚಿದ ಹನ್ನೆರಡು ಬಾಣ

ಹಲೋ… ಹಾಂ, ಹಲೋ. ಯಾರು ಮಾತಾಡ್ತಿರೋದು?…

ಯಾವ ಅರವಿಂದ?…

ಅಲ್ಲಪ್ಪ, ನನಗೆ ಇಬ್ಬರು ಅರವಿಂದರು ಗೊತ್ತು. ಒಬ್ಬ ಇಲ್ಲಿ ಪಸಡೀನಾದ ಲ್ಯಾಬಿನಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. ಅಳತೆ ಒಂದು ಕೂದಲೆಳೆಯಷ್ಟು ತಪ್ಪಿದರೂ ಊಟಕ್ಕೆ ಏಳ್ತಿರಲಿಲ್ಲ. ಇನ್ನೊಬ್ಬ ಡೆಲ್ ಮಾರ್‌ನಲ್ಲಿ ಕೂತು ಬೇಟೆಯ ಬಾಣ ಮಾರ್ತಾನೆ, ಡಬ್ಬಿ ಮೇಲೆ ನನ್ನ ಹೆಸರು ಅಚ್ಚು ಹಾಕಿಸ್ಕೊಂಡಿದ್ದಾನೆ. ನೀನು ಇವರಲ್ಲಿ ಯಾರು?…

ಇಬ್ಬರೂ ಒಬ್ಬನೇನಾ? ನಾನೂ ಸೋಮವಾರದವರೆಗೆ ಹಾಗೇ ಅಂದ್ಕೊಂಡಿದ್ದೆ.…

ಆಂಟಿ ಗೀಂಟಿ ಬೇಡ. ಇವತ್ತು ಡಾಕ್ಟರ್ ಜಯಾ ಅನ್ನು. ಡಬ್ಬಿ ಮೇಲೆ ಹಾಗೇ ಅಲ್ವಾ ಹಾಕಿಸಿರೋದು?…

ಕೂಗಬೇಡ. ಅರವತ್ತೆಂಟಾದರೂ ಕಿವಿ ಚೆನ್ನಾಗಿದೆ ನನಗೆ. ದೇವರಿಗೆ ದೀಪ ಹಚ್ಚಿ ಈಗ ತಾನೇ ಎದ್ದಿದ್ದೀನಿ. ಆ ದೀಪ ಆರೋವರೆಗೆ ನಾನು ದನಿ ಏರಿಸಲ್ಲ. ನೀನು ಬೇಕಾದರೆ ಕೂಗ್ಕೋ.…

ಹೌದು, ನಾನೇ ಬರೆದಿದ್ದು. ಬೆಳಿಗ್ಗೆ ಎಂಟಕ್ಕೆ ನಿನ್ನ ಬಾಣ ಮಾರೋ ಎರಡು ಅಂಗಡಿಗೂ ಮೇಲ್ ಹೋಯ್ತು. 'ಈ ಕಾರ್ಬನ್ ಬಾಣಗಳ ಬಗ್ಗೆ ಜೂನ್ ತಿಂಗಳಲ್ಲಿ ನಾನು ಕೊಟ್ಟ ಪರೀಕ್ಷಾ ಪತ್ರವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ದಯವಿಟ್ಟು ಮಾರಬೇಡಿ.' ಎರಡೇ ಸಾಲು. ಮೂರನೇದು ಬರೆದಿದ್ದರೆ ಬೈಗುಳ ಆಗಿರ್ತಿತ್ತು. ಅದಕ್ಕೇ ಅಲ್ಲಿಗೆ ನಿಲ್ಲಿಸಿದೆ.…

ನಿನ್ನನ್ನ ಕೇಳದೆ? ನನ್ನ ಮಾತು ನಾನು ವಾಪಸ್ ತಗೊಳ್ಳೋಕೆ ನಿನ್ನ ಅಪ್ಪಣೆ ಬೇಕಾ? ಸೋಮವಾರದಿಂದ ಆರು ಸಲ ಫೋನ್ ಮಾಡಿದೆ. ಎತ್ತಿದ್ಯಾ? ಅಂಗಡಿಯವರು ನಿನ್ನ ಡಬ್ಬಿಗಳನ್ನ ಕೆಳಗಿಳಿಸಿದರು ನೋಡು, ಹತ್ತೇ ನಿಮಿಷಕ್ಕೆ ನಿನಗೆ ನನ್ನ ನಂಬರ್ ನೆನಪಾಯ್ತು.…

ಯಾಕೆ ಅಂತ ಕೇಳ್ತೀಯಾ? ನೂರುಲ್ಲಾ ಅವರ ಕೈ ನೋಡಿದ್ದರೆ ಕೇಳ್ತಿರಲಿಲ್ಲ.…

ಪೋರ್ಟರ್ ರ‍್ಯಾಂಚ್‌ನ ನೂರುಲ್ಲಾ. ನಮ್ಮ ಮೈಸೂರಿನವರು, ಔಷಧಿ ಅಂಗಡಿ ಇಟ್ಟಿದ್ದಾರಲ್ಲ, ಅವರು. ಆಗಸ್ಟಿನಲ್ಲಿ ನಿನ್ನಿಂದ ಒಂದು ಡಬ್ಬಿ ತರಿಸಿಕೊಂಡರು. ಬಾಣ ನೋಡಿ ಅಲ್ಲ, ಡಬ್ಬಿ ಮೇಲಿನ ಹೆಸರು ನೋಡಿ. 'ಜಯಮ್ಮ ನೋಡಿದ್ದಾರೆ ಅಂದಮೇಲೆ ನಾನೇನು ನೋಡೋದು' ಅಂದರಂತೆ. ಭಾನುವಾರ ಗುರಿ ಅಭ್ಯಾಸಕ್ಕೆ ಹೋದರು. ಮೂರನೇ ಬಾಣ. ಹೆದೆ ಬಿಟ್ಟಿದ್ದೇ ತಡ, ಕಡ್ಡಿ ನಡುವೆ ಸೀಳಿತು. ಬಿಲ್ಲು ಹಿಡಿದ ಎಡಗೈಗೆ ಹೊಕ್ಕಿತು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಕಾರ್ಬನ್ ಸಿಬಿರು, ಎರಡು ಇಂಚು.…

ಏನು? ಅವರಿಗೆ ಬಿಲ್ಲು ಹಿಡಿಯೋಕೆ ಬರಲ್ವಾ?…

ಅರವಿಂದಾ, ನೀನು ಬಾಣ ಮಾರೋಕೆ ಶುರು ಮಾಡಿ ಒಂದು ವರ್ಷ ಆಯ್ತಾ? ಅವರು ಇಪ್ಪತ್ತು ವರ್ಷದಿಂದ ಬೆಟ್ಟಕ್ಕೆ ಬೇಟೆಗೆ ಹೋಗ್ತಿದ್ದಾರೆ. ದೇವರ ಹೆಸರು ಹೇಳದೆ ಹೆದೆ ಬಿಡಲ್ಲ. ಮೊನೆ ಚುಚ್ಚಿ, ರಕ್ತ ಹರಿದು ಸತ್ತರೆ ಮಾತ್ರ ಆ ಜಿಂಕೆ ಊಟಕ್ಕೆ. ಬಾಣ ಓರೆಯಾಗಿ ಹೋಗಿ, ಅಡ್ಡ ಬಡಿದು ಸತ್ತರೆ ಕೈಯಲ್ಲೂ ಮುಟ್ಟಲ್ಲ. ಅಂಥವರಿಗೆ ಬಾಣ ನೆಟ್ಟಗಿರಬೇಕು ಅನ್ನೋದು ಶೋಕಿ ಅಲ್ಲ ಕಣೋ, ಧರ್ಮ.…

ಹಾಂ, ನಗು. ಪುಳಿಚಾರಿನ ಹೆಂಗಸು ಬೇಟೆ ಧರ್ಮ ಹೇಳ್ತಾಳೆ ಅಂತ ನಗು. ನಾನು ಮಾಂಸ ತಿನ್ನಲ್ಲ, ನಿಜ. ತಿನ್ನೋರು ತಪ್ಪು ಅಂತ ಹೇಳೋಕೆ ನಾನು ಯಾರು? ಆದರೆ ಸಾಯೋ ಪ್ರಾಣಿ ಒಂದೇ ಏಟಿಗೆ ಸಾಯಲಿ, ಮೂರು ದಿನ ಪೊದೆಯಲ್ಲಿ ನರಳಿ ಸಾಯೋದು ಬೇಡ. ಅದಕ್ಕೇ ಈ ಕೆಲಸ ಒಪ್ಕೊಂಡೆ. ಇಲ್ಲದಿದ್ದರೆ ನಿವೃತ್ತಿ ಆದಮೇಲೆ ಗರಾಜಿನಲ್ಲಿ ಅಳತೆಯ ಗೇಜ್ ಇಟ್ಕೊಂಡು ಬಾಣ ಉರುಳಿಸೋಕೆ ನನಗೇನು ಹುಚ್ಚಾ?…

ಅವರ ಹೆಂಡತಿ ತಾಜ್ ಬೇಗಂ ಫೋನ್ ಮಾಡಿದ್ದರು, ಆಸ್ಪತ್ರೆಯಿಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. 'ನಿಮ್ಮ ಹೆಸರಿತ್ತು ಅಂತ ತಗೊಂಡ್ವಿ ಅಮ್ಮಾ' ಅಂದರು. ಅಷ್ಟೇ. ಆಮೇಲೆ ನಾನು ಅಡುಗೆಮನೆಗೆ ಹೋದವಳು ಯಾಕೆ ಹೋದೆ ಅಂತಲೇ ಮರೆತು ನಿಂತಿದ್ದೆ.…

ಹೌದು. ಪಾಸ್ ಮಾಡಿದ್ದು ನಾನೇ. ಎಲ್ಲಿ ಇಲ್ಲ ಅಂದೆ? ನೀನು ಕಳಿಸಿದ ಹನ್ನೆರಡನ್ನೂ ಪಾಸ್ ಮಾಡಿದೆ. ಅಳತೆಯ ಸಪಾಟು ಕಲ್ಲಿನ ಮೇಲೆ ಉರುಳಿಸಿದೆ, ಗೇಜಿನ ಮುಳ್ಳು ಅಲ್ಲಾಡಲಿಲ್ಲ. ನಡುವೆ ತೂಕ ನೇತುಹಾಕಿದೆ, ಹನ್ನೆರಡೂ ಒಂದೇ ಸಮ ಬಗ್ಗಿದವು. ಅಕ್ಕತಂಗಿಯರು ಒಟ್ಟಿಗೆ ನಮಸ್ಕಾರ ಮಾಡಿದ ಹಾಗೆ. ಎಷ್ಟು ಚಂದದ ಕೆಲಸ ಅಂತ ಹೊಗಳಿ ಬರೆದೆ.…

ತಾಳು, ಮುಗಿಸ್ತೀನಿ. ಸೋಮವಾರ ಬೆಳಿಗ್ಗೆ ಪೋರ್ಟರ್ ರ‍್ಯಾಂಚ್‌ಗೆ ಹೋಗಿ ನೂರುಲ್ಲಾ ಅವರ ಡಬ್ಬಿಯಲ್ಲಿ ಉಳಿದ ಹನ್ನೊಂದು ತಂದೆ. ಅದೇ ಕಲ್ಲು, ಅದೇ ಗೇಜು, ಅದೇ ತೂಕ. ಒಂದೊಂದೂ ಒಂದೊಂದು ರೀತಿ ಬಗ್ಗಿತು. ಕೈಯಲ್ಲಿ ಹಿಡಿದು ಬಗ್ಗಿಸಿದರೆ ನಾಲ್ಕು ಚಿಟಚಿಟ ಅಂದವು. ಒಳಗೆ ಪದರ ಬಿಟ್ಟಿದೆ ಅಂತ ಅರ್ಥ. ನಿನಗೆ ನಾನು ಅರ್ಥ ಹೇಳಬೇಕಾ?…

ಒಂದೇ ಕಾರ್ಖಾನೆ, ಒಂದೇ ಸಲ ಮಾಡಿದ ಲಾಟ್. ಸರಿ. ಹಾಗಾದರೆ ನನ್ನ ಹನ್ನೆರಡು ಯಾವ ಲೋಕದಿಂದ ಬಂದವು? ಅದೇ ಯೋಚನೆ ಮಾಡ್ತಾ ಅವಿದ್ದ ಹಳೇ ಪೆಟ್ಟಿಗೆ ತೆಗೆದೆ. ಹಿಂಬದಿಯಲ್ಲಿ ಹೆದೆ ಕೂರೋ ಪ್ಲಾಸ್ಟಿಕ್ ಕಚ್ಚು ಇರುತ್ತಲ್ಲ, ಅದನ್ನ ಒಂದೊಂದಾಗಿ ಕಿತ್ತು ನೋಡಿದೆ. ಒಳಗೆ ಏನಿತ್ತು ಗೊತ್ತಾ?…

ಹೇಳು.…

ನೀನೇ ಹೇಳು ಅರವಿಂದ. ನಾನು ಕಾಯ್ತೀನಿ.…

ಕುಂಕುಮ. ಹನ್ನೆರಡರಲ್ಲೂ. ಒಣಗಿದ ಗಂಧದ ಜೊತೆ ಕುಂಕುಮ. ಅಕ್ಷಯ ತೃತೀಯದ ದಿನ ಅಂಗಡಿ ಪೂಜೆ ಮಾಡಿದೆ ಅಂತ ಫೋಟೋ ಕಳಿಸಿದ್ದೆಯಲ್ಲ? ಅದನ್ನೂ ಹುಡುಕಿದೆ. ಮಣೆ ಮೇಲೆ ಹನ್ನೆರಡು ಬಾಣ ಸಾಲಾಗಿ, ಒಂದೊಂದರ ಕಚ್ಚಿನ ಬಳಿಯೂ ಬೊಟ್ಟು, ನಡುವೆ ತೆಂಗಿನಕಾಯಿ. ಆ ಹನ್ನೆರಡನ್ನ ಹೇಗೆ ಆರಿಸಿದೆ? ಕಣ್ಣು ಮುಚ್ಚಿ ತೆಗೆದ್ಯಾ?…

ಇಲ್ಲ ಅಲ್ವಾ. ದೇವರ ಮುಂದೆ ಇಡೋಕೆ ಯಾರಾದರೂ ಕಣ್ಣು ಮುಚ್ಚಿ ತೆಗೀತಾರಾ? ಹೂವಾದರೆ ಬಾಡದ್ದು, ಹಣ್ಣಾದರೆ ಮಚ್ಚೆ ಇಲ್ಲದ್ದು. ನೂರಾರು ಕಡ್ಡಿ ಉರುಳಿಸಿ ಉರುಳಿಸಿ ಹನ್ನೆರಡು ತೆಗೆದೆ. ಅದು ತಪ್ಪಲ್ಲ. ನಮ್ಮನೇಲೂ ಹಾಗೇ ಮಾಡ್ತಿದ್ದಿದ್ದು. ದೇವರಿಗೆ ಆರಿಸಿದ್ದನ್ನ ಪರೀಕ್ಷೆಗೆ ಕಳಿಸಿದೆಯಲ್ಲ, ಅದು ತಪ್ಪು.…

ಪ್ಯಾಕ್ ಮಾಡುವಾಗ ಅದಲುಬದಲಾಯ್ತಾ? ನಿನ್ನ ಕೈಯಾರೆ ಪ್ಯಾಕ್ ಮಾಡಿದ್ದು ಅಲ್ವಾ?…

ಆಯ್ತಪ್ಪ, ಅದಲುಬದಲಾಯ್ತು ಅಂತಲೇ ಇಟ್ಕೋ. ಯಾವಾಗ ಗೊತ್ತಾಯ್ತು ನಿನಗೆ?…

ಯಾವಾಗ?…

ಇನ್ನೊಂದು ಸಲ ಹೇಳು. ಜುಲೈನಲ್ಲಿ?…

ಜುಲೈನಲ್ಲಿ ಗೊತ್ತಾಯ್ತು. ಆಗಸ್ಟಿನಲ್ಲಿ ನೂರುಲ್ಲಾ ಅವರಿಗೆ ನನ್ನ ಹೆಸರಿನ ಡಬ್ಬಿ ಕಳಿಸಿದೆ.…

ಮಾತಾಡಬೇಡ. ಒಂದು ನಿಮಿಷ ಮಾತಾಡಬೇಡ.…

ನಮ್ಮೂರಲ್ಲಿ ಪ್ರೇಮವ್ವ ಅಂತ ಇದ್ದಳು, ಮಡಕೆ ಮಾರೋಳು…

ಹಾಂ, ಕಥೆಯೇ. ನಿನಗೆ ಬೇಡದಿದ್ದರೂ ಕೇಳು. ಸಂಕ್ರಾಂತಿ ಹತ್ರ ಬಂದಾಗ ಕತ್ತೆ ಮೇಲೆ ಮಡಕೆ ಹೇರ್ಕೊಂಡು ಬರೋಳು. ಕೊಳ್ಳೋರು ಮೇಲಿಂದ ಒಂದು ತೆಗೆದು ಬೆರಳಲ್ಲಿ ಬಾರಿಸೋಕೆ ಹೋದರೆ ಕೈ ಹಿಡಿಯೋಳು. 'ಮೇಲಿರೋದು ನಾನು ಜೋಡಿಸಿದ್ದು ಕಣವ್ವಾ, ಅಡಿಯಿಂದ ತೆಗೆದು ಬಾರಿಸು' ಅನ್ನೋಳು. ಒಡಕು ದನಿ ಬಂದರೆ ಅಲ್ಲೇ ಜಗಲಿ ಕಲ್ಲಿಗೆ ಕುಕ್ಕೋಳು. ನಮ್ಮಜ್ಜಿ ಒಂದು ಸಲ ಕೇಳಿದರು, ಯಾಕೆ ಪ್ರೇಮವ್ವ, ನಿನ್ನ ಹೊಟ್ಟೆ ಮೇಲೆ ನೀನೇ ಹೊಡ್ಕೋತೀಯಾ ಅಂತ. ಅವಳು ಹೇಳಿದಳು, 'ಇಲ್ಲಿ ಒಡೆದರೆ ಬರೀ ಮಣ್ಣು ಹೋಯ್ತದೆ. ಒಲೆ ಮೇಲೆ ಒಡೆದರೆ ನಿಮ್ಮ ಮಕ್ಕಳ ಅನ್ನ ಹೋಯ್ತದೆ.'…

ಓದು ಬರಹ ಇಲ್ಲದವಳಿಗೆ ಗೊತ್ತಿತ್ತು. ನಿನಗೆ ಗೊತ್ತಿರಲಿಲ್ಲ. ಹೋಗಲಿ, ನನಗೂ ಗೊತ್ತಿರಲಿಲ್ಲ ನೋಡು.…

ಹಾಂ, ನನಗೂ. ಮೇ ತಿಂಗಳಲ್ಲಿ ಪೆಟ್ಟಿಗೆ ಬಿಚ್ಚಿದಾಗ ಒಂದು ಕಡ್ಡಿ ಮೇಲೆ ಬೊಟ್ಟು ಇನ್ನೂ ಇತ್ತು. ಪರೀಕ್ಷೆ ಮಾಡೋಳು ಏನು ಕೇಳಬೇಕಿತ್ತು? ಇದಕ್ಕೆ ಪೂಜೆ ಯಾಕಾಗಿದೆ, ಉಳಿದವಕ್ಕೂ ಆಗಿದೆಯಾ, ಯಾರು ಆರಿಸಿದ್ದು ಅಂತ ಕೇಳಬೇಕಿತ್ತು. ನಿನ್ನ ಅಂಗಡಿಗೆ ಬಂದು, ರಾಶಿಗೆ ನಾನೇ ಕೈ ಹಾಕಿ ತೆಗೀಬೇಕಿತ್ತು. ನಾನೇನು ಮಾಡಿದೆ? ಎಷ್ಟು ಭಕ್ತಿ ಈ ಹುಡುಗನಿಗೆ ಅಂತ ಆ ಬಾಣವನ್ನ ಕಣ್ಣಿಗೊತ್ತಿಕೊಂಡೆ. ಆಮೇಲೆ ತೂಕಕ್ಕೆ ತೊಂದರೆ ಆಗದಿರಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಸಾಕ್ಷಿಯನ್ನ ನಾನೇ ಒರೆಸಿದೆ ಕಣೋ.…

ಇಲ್ಲ, ಒಪ್ಪಿಗೆ ಮರಳಿ ಕೊಡಲ್ಲ. 'ಕೈತಪ್ಪಿ ಬರೆದೆ, ಬಾಣ ಸರಿಯಾಗಿವೆ' ಅಂತ ಇನ್ನೊಂದು ಪತ್ರ ನನ್ನ ಕೈಯಿಂದ ಬರಲ್ಲ.…

ವಕೀಲರಾ? ಕಳಿಸು. ಯಾವ ವಕೀಲರಾದರೂ ಬರಲಿ, ಕಾಫಿ ಕೊಡ್ತೀನಿ, ಕಲ್ಲಿನ ಮುಂದೆ ಕೂರಿಸ್ತೀನಿ. ಅವರೇ ಬಾಣ ಉರುಳಿಸಿ ನೋಡಲಿ.…

ಏನಂದೆ? ನಾನು ಮಾಡಿದ್ದು ಅನ್ನದ ತಟ್ಟೆಗೆ ಮಣ್ಣು ಹಾಕೋ ಕೆಲಸನಾ?…

ಅರವಿಂದ, ಅನ್ನದ ತಟ್ಟೆ ಅಂದೆಯಲ್ಲ, ಬಾ, ಲೆಕ್ಕ ಹಾಕೋಣ. ನಾಳಿದ್ದು ಶನಿವಾರ ಬಿಲ್ಲು ಬೇಟೆ ಶುರು. ಅಂಗಡಿಯಲ್ಲಿದ್ದ ಡಬ್ಬಿ ಇಳಿದವು, ಸರಿ. ನೀನೇ ಮನೆಮನೆಗೆ ಕಳಿಸಿರೋದು ಎಷ್ಟು?…

ನಲವತ್ತಮೂರು. ಆ ನಲವತ್ತಮೂರು ಜನ ಯಾರು ಅಂತ ನಿನ್ನ ಬಿಟ್ಟು ಯಾರಿಗೂ ಗೊತ್ತಿಲ್ಲ. ನಂಗೂ ಗೊತ್ತಿಲ್ಲ. ನಾಳೆ ಸಂಜೆಯೇ ಗುಡಾರ ಕಟ್ಟೋಕೆ ಹೊರಡ್ತಾರೆ. ಬೆಟ್ಟ ಹತ್ತಿದ ಮೇಲೆ ಫೋನ್ ಸಿಗಲ್ಲ. ಇವತ್ತೇ ಬರಿ. ಒಂದು ಮೇಲ್. ನಲವತ್ತಮೂರು ಜನಕ್ಕೆ. ಶನಿವಾರ ಈ ಬಾಣ ಹೂಡಬೇಡಿ ಅಂತ. ಮಿಕ್ಕ ಜಗಳ ಭಾನುವಾರ ಆಡೋಣ.…

ಬರೆಯಲ್ಲ?…

ಕೇಳಿಸ್ತು. ಬರೆಯಲ್ಲ ಅಂತ. ಆ ಪಟ್ಟಿ ನನಗೆ ಕೊಡು, ನಾನು ಬರೀತೀನಿ.…

ಕೊಡಲ್ಲ.…

ನಾನೇ ಬರ‍್ತೀನಿ ಡೆಲ್ ಮಾರ್‌ಗೆ. ಈಗ ಹೊರಟರೆ ಟ್ರಾಫಿಕ್ ಎಷ್ಟೇ ಇರಲಿ, ಮಧ್ಯಾಹ್ನದ ಊಟದ ಹೊತ್ತಿಗೆ ನಿನ್ನ ಬಾಗಿಲಲ್ಲಿ ಇರ್ತೀನಿ.…

ಬಾಗಿಲು ತೆಗೆಯಲ್ವಾ? ಅದೇ ಬಾಗಿಲಿಗೆ ತೋರಣ ಕಟ್ಟಿದ್ದು ನಾನು, ನಿನ್ನ ಗೃಹಪ್ರವೇಶಕ್ಕೆ. ಮರೆತ್ಯಾ?…

ಸರಿ, ಒಂದು ಮಾತು ಕೇಳ್ತೀನಿ. ನೀವೂ ಶನಿವಾರ ಲಗೂನಾ ಬೆಟ್ಟಕ್ಕೆ ಹೋಗ್ತಿದ್ದೀರಿ ಅಲ್ವಾ? ರಂಜನಿ ಹೇಳಿದ್ದಳು, ಈ ಸಲ ಜಿಂಕೆಯ ಪರವಾನಗಿ ಅವಳ ಹೆಸರಿಗೆ ಬಂದಿದೆ, ಮೊದಲ ಬಾಣ ಅವಳದ್ದೇ ಅಂತ. ನಿನ್ನ ಹೆಂಡತಿ ಯಾವ ಬಾಣ ಒಯ್ತಾಳೆ?…

ನಿನ್ನದೇ. ಮಾರಿದ ಲಾಟಿನದ್ದೇ?…

ಅಂದರೆ ನಿನಗೆ ನಿಜವಾಗ್ಲೂ ನಂಬಿಕೆ ಇದೆ. ನೋಡು, ನೀನು ಸುಳ್ಳುಗಾರ ಅಂತಲೇ ಅಂದ್ಕೊಂಡಿದ್ದೆ. ಸುಳ್ಳುಗಾರ ಆಗಿದ್ದರೆ ಒಳ್ಳೇದನ್ನ ಹೆಂಡತಿಗೆ ಎತ್ತಿಡ್ತಿದ್ದೆ. ನೀನು ಅದಕ್ಕಿಂತ ಕಡೆ. ನೀನು ನೋಡೇ ಇಲ್ಲ. ದೇವರಿಗೆ ಹನ್ನೆರಡು ಆರಿಸಿದ ಮೇಲೆ ಉಳಿದದ್ದರ ಕಡೆ ತಿರುಗೇ ನೋಡಿಲ್ಲ.…

ಒಂದು ತಗೊಂಡು ಬಾ. ಈಗಲೇ. ಅವಳ ಬತ್ತಳಿಕೆಯಿಂದ.…

ಯಾಕೆ ಬೇಡ? ಸರಿಯಾಗಿದೆ ಅಂದೆಯಲ್ಲ. ಬಗ್ಗಿಸು, ನನಗೆ ಕೇಳಿಸು. ಚೆನ್ನಾಗಿದ್ದರೆ ನಿನ್ನ ಕಾಲು ಹಿಡಿದು ಇನ್ನೊಂದು ಪತ್ರ ಬರೆದು ಕೊಡ್ತೀನಿ.…

ಯಾರದು? ಹಿಂದೆ ಯಾರು ಮಾತಾಡಿದ್ದು?…

ಸ್ಪೀಕರ್‌ನಲ್ಲಿ ಹಾಕಿದ್ದೀಯಾ? ಎಷ್ಟು ಹೊತ್ತಿಂದ?…

ರಂಜನಿ? ನೀನೇನಮ್ಮಾ?… ಎಲ್ಲಾ ಕೇಳಿಸ್ಕೊಂಡ್ಯಾ?…

ನನಗೆ ಕೋಪ ಇರೋದು ನಿನ್ನ ಮೇಲಲ್ಲ ಕಣಮ್ಮಾ. ಅಳಬೇಡ. ಹಾಂ… ಅಳ್ತಿಲ್ವಾ? ಒಳ್ಳೇದು. ಬಾಣ ಎಲ್ಲಿವೆ?…

ಕಾರಿಗೆ ಹಾಕಿಯೂ ಆಯ್ತಾ? ತಗೊಂಡು ಬಾ. ಅವನು ಏನಾದರೂ ಅನ್ನಲಿ, ನೀನು ಹೋಗಿ ತಗೊಂಡು ಬಾ.…

ಅರವಿಂದ, ನೀನು ಅವಳ ಕೈ ಬಿಡು. ನನಗೆ ಕಾಣಿಸಲ್ಲ, ಆದರೆ ಗೊತ್ತಾಗುತ್ತೆ. ಬಿಡು.…

ತಂದ್ಯಾ? ಮೊದಲು ಕನ್ನಡಕ ಹಾಕ್ಕೋ. ದಪ್ಪ ಕೈಗವಸು ಇದೆಯಾ? ಗಿಡಕ್ಕೆ ಹಾಕ್ಕೊಳ್ಳೋದಾದರೂ ಸರಿ. ಮೊನೆ ತಿರುಗಿಸಿ ತೆಗೆದಿಡು. ಈಗ ಎರಡು ತುದಿ ಹಿಡ್ಕೋ. ಮುಖದಿಂದ ಆಚೆಗೆ, ಮೆಲ್ಲಗೆ ಬಗ್ಗಿಸು. ಬಿಲ್ಲಿನಷ್ಟು ಬೇಡ, ಹುಬ್ಬಿನಷ್ಟು. ಹಾಂ. ಸ್ವಲ್ಪ ತಿರುಗಿಸಿ ಮತ್ತೆ ಬಗ್ಗಿಸು.…

ಏನೂ ಇಲ್ವಾ? ಪಕ್ಕಕ್ಕಿಡು. ಎರಡನೇದು.…

ಅದೂ ಸರೀನಾ. ಒಳ್ಳೇದು.…

ಹೂಂ ಕಣಪ್ಪ, ಕೇಳಿಸ್ತು, ಎರಡೂ ಸರಿಯಾಗಿವೆ. ಪ್ರೇಮವ್ವನ ಮಡಕೆಯೂ ಎಲ್ಲಾ ಒಡಕಲ್ಲ. ಮೂರನೇದು ತಗೋ ರಂಜನಿ.…

…

ಕೇಳಿಸ್ತಾ?…

ನನಗೂ ಕೇಳಿಸ್ತು. ನೂರಿಪ್ಪತ್ತು ಮೈಲಿ ಆಚೆ ಕೂತವಳಿಗೂ ಕೇಳಿಸ್ತು. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ಇನ್ನು ಬಗ್ಗಿಸಬೇಡ, ಮುರಿಯುತ್ತೆ. ಕೆಳಗಿಡು.…

ಏನು? ನಿನ್ನೆ ಇದೇ ಬಾಣ ಹೂಡಿದ್ಯಾ? ಗುರುತು ಹೇಗೆ ಗೊತ್ತು?…

ಹಳದಿ ಗರಿ ಇರೋದು ಅದೊಂದಕ್ಕೇ. ದೇವರೇ… ಎಷ್ಟು ಸಲ ಬಿಟ್ಟೆ?…

ಕೂತ್ಕೋ. ನೀರು ಕುಡಿ. ಕೈ ನೋಡ್ಕೋಬೇಡ, ಕೈ ಚೆನ್ನಾಗಿದೆ. ಶಿವ ಕಾದಿದ್ದಾನೆ ಅನ್ಕೋ.…

ಅರವಿಂದ? ನೀನೂ ಕೇಳಿಸ್ಕೊಂಡ್ಯಾ?…

ನೀನೇ ನೋಡು, ಆ ಬಾಣ ಅವಳ ಮುಂದೇ ಇದೆ.…

ಒಂದೇ ಒಂದು ಕೆಟ್ಟದ್ದು ಬಂತು ಅಂತಾನಾ? ಹೆಂಡತಿ ಎದುರಿಗೆ ಕೂತು ಹೇಳ್ತಿದ್ದೀಯಲ್ಲೋ, ಒಂದೇ ಅಂತ! ನೂರುಲ್ಲಾ ಅವರಿಗೂ ಒಂದೇ ಹೊಕ್ಕಿದ್ದು.…

ಏನಮ್ಮಾ ರಂಜನಿ?… ನಿನಗೆ ಗೊತ್ತಿದೆಯಾ? ಪಟ್ಟಿ ಅಡುಗೆಮನೆಯ ಲ್ಯಾಪ್‌ಟಾಪಿನಲ್ಲೇ ಇದೆಯಾ? ಡಬ್ಬಿಗೆ ವಿಳಾಸ ಅಂಟಿಸಿದ್ದು ನೀನೇ?…

ತೆಗಿ. ನಾನು ಹೇಳ್ತೀನಿ, ನೀನು ಬರಿ. ಇಂಗ್ಲಿಷಿನಲ್ಲೇ ಬರ‍್ಕೋ, ನಾನು ಕನ್ನಡದಲ್ಲಿ ಹೇಳ್ತೀನಿ, ಇವತ್ತು ನನಗೆ ಬೇರೆ ಭಾಷೆ ಬರ‍್ತಿಲ್ಲ. 'ಶನಿವಾರ ಈ ಬಾಣಗಳನ್ನು ಹೂಡಬೇಡಿ. ಒಬ್ಬರ ಕೈಗೆ ಗಾಯವಾಗಿದೆ. ಕೆಲವು ಬಾಣಗಳ ಒಳಪದರ ಬಿಟ್ಟಿದೆ, ಹೊರಗಿನಿಂದ ಕಾಣುವುದಿಲ್ಲ.' ಬರೆದ್ಯಾ?… 'ಪರೀಕ್ಷೆಗೆ ಹೋದ ಹನ್ನೆರಡು ಬಾಣ ಆರಿಸಿ ತೆಗೆದವು. ಪರೀಕ್ಷೆ ಮಾಡಿದ ಜಯಾ ಎಂಬವಳು ಅದನ್ನು ವಿಚಾರಿಸದೆ ಒಪ್ಪಿಗೆ ಕೊಟ್ಟಳು. ತಪ್ಪು ಅವಳದ್ದೂ ಹೌದು.'…

ಇರಲಿ, ಬರಿ. ಡಬ್ಬಿ ಮೇಲೆ ಹೆಸರು ಹಾಕಿಸಿಕೊಂಡವಳಿಗೆ ಇಲ್ಲಿ ಹೆಸರು ಹಾಕಿಸಿಕೊಳ್ಳೋಕೆ ನಾಚಿಕೆ ಬಂದರೆ ಹೇಗೆ? ಆ ಸಾಲು ಬಿಟ್ಟರೆ ಉಳಿದದ್ದನ್ನ ಯಾರೂ ನಂಬಲ್ಲ.…

ಕೆಳಗೆ ಯಾರ ಹೆಸರಾ? ನನ್ನ ಹೆಸರು ಹಾಕು. ನಿನಗೆ ಇಷ್ಟ ಇದ್ದರೆ ನಿನ್ನದೂ ಹಾಕು. ಅವನದು ಬೇಡ. ಅವನಾಗಿ ಹಾಕೋವರೆಗೆ ಬೇಡ.…

ಕೂಗಲಿ ಬಿಡು. ನಲವತ್ತಮೂರು ವಿಳಾಸಾನೂ ಸೇರಿಸಿದ್ಯಾ? ಕೊನೆಗೆ ನನ್ನ ವಿಳಾಸಾನೂ ಸೇರಿಸು. ಬಂದರೆ ನನಗೂ ಗೊತ್ತಾಗುತ್ತೆ.…

ಒತ್ತು.…

ಒತ್ತಿದ್ಯಾ?… ರಂಜನಿ?… ಅದೇನು ಸದ್ದು? ಲ್ಯಾಪ್‌ಟಾಪ್ ಮುಚ್ಚಿದ್ದಾ? ಯಾರು ಮುಚ್ಚಿದ್ದು?… ಹಲೋ?…

ಅರವಿಂದನಾ?… ಹಾಂ, ಬೈಯಿ. ಬೈದ್ಕೋ. ಮನೆ ಹಾಳು ಮಾಡಿದೆ ಅನ್ನು, ಅನ್ನಿಸ್ಕೋತೀನಿ… ನಾನು ಸತ್ತರೂ ನೋಡೋಕೆ ಬರಲ್ವಾ? ಬರಬೇಡ… ಸ್ವಲ್ಪ ಸುಮ್ಮನಿರು. ಒಂದು ಗಳಿಗೆ ಸುಮ್ಮನಿರೋ, ಇಲ್ಲಿ ಏನೋ ಟಣ್ ಅಂತು…

ಬಂತು. ಹಾಂ, ಬಂತು ಕಣೋ, ಮುಚ್ಚೋ ಮುಂಚೆಯೇ ಒತ್ತಿದ್ದಾಳೆ. ಓದ್ಲಾ?… ಕನ್ನಡದಲ್ಲೇ ಹೇಳ್ತೀನಿ, ಕೇಳು. 'ಶನಿವಾರ ಈ ಬಾಣಗಳನ್ನು…' ಕೆಳಗೆ ಎರಡು ಹೆಸರಿವೆ. ನನ್ನದು, ಆಮೇಲೆ ರಂಜ…

ಹಲೋ?… ಅರವಿಂದ?…

ಹಲೋ?